ಕೋಡಿಗೆ ಎಷ್ಟು ಕಮ್ಮಿ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ ನೆನಪಿಲ್ಲ. ಒಮ್ಮೆ ಕನ್ನಡಕ ಬದಲಾಗಲಿ ಎಂದುಕೊಂಡೆ. ಒಮ್ಮೆ ಮೊಮ್ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಎಲ್ಲವೂ ಮುಗಿದ ಮೇಲೂ ಎಲ್ಲಿಂದ ಶುರುಮಾಡಬೇಕು ಎಂಬುದು ತಿಳಿಯಲಿಲ್ಲ, ಈಗಲೂ ಪೂರ್ತಿ ತಿಳಿದಿಲ್ಲ. ಆದ್ದರಿಂದ ನನ್ನ ಕಣ್ಣಿಗೆ ಕಟ್ಟಿದಂತಿರುವ ಒಂದು ನೋಟದಿಂದ ಶುರುಮಾಡುತ್ತೇನೆ.

ಗದ್ದೆಗಳಿಗೆ ನೀರು ಬಿಡುವ ಕೆಲಸದ ನಮ್ಮೂರ ನೀರುಗಂಟಿ ಕೆರೆಯ ಮೆಟ್ಟಿಲುಗಳನ್ನು ಹಿಂದುಮುಂದಾಗಿ ಇಳಿಯುತ್ತಿದ್ದರು. ನೀರಿಗೆ ಬೆನ್ನು, ಏರಿಗೆ ಮುಖ. ಮೊಣಕಾಲ ಮೇಲಕ್ಕೆ ಕಟ್ಟಿದ ಪಂಚೆ, ಕೈಯಲ್ಲಿ ತೂಬಿನ ಬಿರಡೆ ಎತ್ತಿಳಿಸುವ ಕಬ್ಬಿಣದ ಹಾರೆ. ಒಂದೊಂದು ಮೆಟ್ಟಿಲಿಗೂ ತೆಲುಗಿನಲ್ಲಿ ಎಣಿಸುವರು: ಒಕಟಿ, ರೆಂಡು, ಮೂಡು. ಪಾದಕ್ಕೆ ನೀರು ತಾಗಿದಾಗ ನಿಂತು, ಬಗ್ಗಿ, ಒಣಗಿದ ಕಲ್ಲಿನ ಮೇಲೆ ಬೆರಳುಗಳನ್ನು ಅಡ್ಡಡ್ಡ ಇಟ್ಟು ಅಳೆಯುವರು. ಎಣಿಕೆ ತೆಲುಗಿನಲ್ಲಾದರೂ ನಮಗೆ ಬಂದು ಹೇಳುವುದು ಕನ್ನಡದಲ್ಲಿ. ಅವರ ತಾಯಿ ಗಡಿಯಾಚೆಯ ಕಡೆಯವರಂತೆ, ಎಣಿಸಲು ಕಲಿಸಿದ್ದು ಆಕೆಯೇ.

"ಎಲ್ಲರೂ ನೀರು ನೋಡ್ಕೊಂಡು ಇಳೀತಾರೆ, ನೀನ್ಯಾಕೋ ಬೆನ್ನು ತಿರುಗಿಸ್ತೀಯ?" ಎಂದು ನಾನು ಕೇಳಿದ್ದೆ.

"ನೀರು ನೋಡಿದ್ರೆ ಬೋ ಐತೆ ಅನ್ನಿಸ್ತದೆ ಸಾಮಿ. ನೀರು ಬಿಟ್ಟೋದ ಜಾಗ ನೋಡ್ಬೇಕು. ಅದು ಸುಳ್ಳು ಹೇಳಲ್ಲ" ಎಂದಿದ್ದರು.

ಅವರು ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಆದರೂ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಊರಿನ ಮೇಲಿನ ಕೇರಿಯವರೆಲ್ಲ ಹಾಗೆಯೇ ಮಾಡುತ್ತಿದ್ದೆವು. ಇಲ್ಲಿ ಬಹುವಚನದಲ್ಲಿ ಬರೆಯುತ್ತಿದ್ದೇನೆಂದು ಆಗಲೂ ಹಾಗಿತ್ತೆಂದು ಯಾರೂ ತಿಳಿಯಬಾರದು. ಹೆಸರು ಹಿಡಿದೂ ಕರೆಯುತ್ತಿರಲಿಲ್ಲ. ಲೋ ಗಂಟಿ, ಬಾರೋ ಗಂಟಿ, ಅಷ್ಟೇ.

ನಮ್ಮೂರು ಇರುವುದು ಸಾದಲಿಯ ಪಕ್ಕದಲ್ಲಿ. ಎಂಬತ್ತರ ದಶಕದ ಕೊನೆಯ ವರ್ಷಗಳ ಮಾತು ಇದು. ಕೆರೆಯ ನೀರು ಎಷ್ಟಿದೆ, ದಿನಕ್ಕೆ ಎಷ್ಟು ಇಳಿಯುತ್ತಿದೆ ಎಂದು ಬರೆದಿಡಲು ಊರಿನವರು ಒಂದು ಪುಸ್ತಕ ಮಾಡಿಸಿದರು. ಎಸ್ಸೆಸ್ಸೆಲ್ಸಿ ಪಾಸಾದವನು ಎಂಬ ಕಾರಣಕ್ಕೆ ಅದನ್ನು ನನ್ನ ಕೈಗೆ ಕೊಟ್ಟರು. ಕ್ರಮ ಸಂಖ್ಯೆ, ದಿನಾಂಕ, ಮಟ್ಟ, ಏರಿಳಿತ, ಅಳತೆ ನೋಡಿದವರ ಹೆಸರು ಎಂದು ಐದು ಕಾಲಂ. ನಾನು ತುಂಬುತ್ತಿದ್ದದ್ದು ಮೂರನ್ನು ಮಾತ್ರ. ದಿನಕ್ಕೊಂದು ಸಾಲು ಬರೆಯುವಾಗ ದಿನಾಂಕ ಬೇರೆ ಏಕೆ ಎಂದು ಅದನ್ನು ಖಾಲಿ ಬಿಟ್ಟೆ. ಹೆಸರಿನ ಕಾಲಮ್ಮಿನಲ್ಲಿ ಮೊದಲ ಸಾಲಿಗೆ 'ಗಂಟಿ' ಎಂದು ಬರೆದು, ಕೆಳಗೆಲ್ಲ ಎರಡೆರಡು ಚುಕ್ಕಿ ಇಟ್ಟೆ.

ಅವರ ಅಳತೆಯ ಕ್ರಮವೇ ಬೇರೆ. ಅವರಿಗೆ ಕೋಡಿಯೇ ಸೊನ್ನೆ. ಕೆರೆ ತುಂಬಿ ಕೋಡಿ ಹರಿಯುವ ಮಟ್ಟಕ್ಕೆ ಸರಿಯಾಗಿ ತೂಬಿನ ಮೆಟ್ಟಿಲ ಮೇಲೆ ಕೆಮ್ಮಣ್ಣಿನ ಗೆರೆ ಎಳೆದಿದ್ದರು. ಅಲ್ಲಿಂದ ಕೆಳಕ್ಕೆ ಒಂದೊಂದು ಮೆಟ್ಟಿಲೂ ಒಂದು ಗೇಣು, ಗೇಣಿಗೆ ಹನ್ನೆರಡು ಬೆರಳು. ನೀರು ಎರಡು ಮೆಟ್ಟಿಲು ಕೆಳಗಿದ್ದರೆ "ಕೋಡಿಗೆ ಇಪ್ಪತ್ನಾಕು ಕಮ್ಮಿ" ಎನ್ನುವರು. ಕೋಡಿ ಹರಿಯುವಾಗ "ಕೋಡಿ ಮ್ಯಾಲೆ ಎರಡು." ನಾನು ಮೊದಲನೆಯದನ್ನು −24 ಎಂದೂ ಎರಡನೆಯದನ್ನು +2 ಎಂದೂ ಬರೆದುಕೊಳ್ಳುತ್ತಿದ್ದೆ. ಹೈಸ್ಕೂಲಿನಲ್ಲಿ ಋಣ ಸಂಖ್ಯೆಗಳ ಪಾಠದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಪಾಠ ಅರ್ಥವಾಗಿರಲಿಲ್ಲ ಎಂಬುದು ಕೆರೆಯ ದಂಡೆಗೆ ಬಂದ ಮೇಲೆ ಗೊತ್ತಾಯಿತು.

ಮೊದಲ ವರ್ಷದ ಹಿಂಗಾರಿನಲ್ಲಿ ಒಂದು ದಿನ ಹನ್ನೆರಡು ಕಮ್ಮಿ ಎಂದರು. ಅಂದು ಸಂಜೆ ಜೋರು ಮಳೆ. ಮರುದಿನ ಬಂದು ಎಂಟು ಕಮ್ಮಿ ಎಂದರು. ಹನ್ನೆರಡಿದ್ದದ್ದು ಎಂಟಾಯಿತು, ಅಂದರೆ ನಾಲ್ಕು ಇಳಿಯಿತು ಎಂದು ನಾನು ಏರಿಳಿತದ ಕಾಲಮ್ಮಿನಲ್ಲಿ −4 ಬರೆದೆ. ಅಷ್ಟಕ್ಕೇ ಬಿಡದೆ ಟೀ ಅಂಗಡಿಗೆ ಹೋಗಿ, "ಕೆರೆ ನಾಲ್ಕು ಬೆರಳು ಇಳಿದಿದೆ, ತೂಬು ಸೋರ್ತಾ ಇರ್ಬೇಕು" ಎಂದೆ. ಅಲ್ಲಿದ್ದವರು ಗಾಬರಿಯಾದರು. ಬಾಗಿಲ ಹೊರಗೆ ನಿಂತು ತಮ್ಮ ಲೋಟದಲ್ಲಿ ಟೀ ಕುಡಿಯುತ್ತಿದ್ದ ನೀರುಗಂಟಿ ನಿಧಾನವಾಗಿ ಹೇಳಿದರು:

"ಮಳೆ ಬಂದು ಕೆರೆ ಇಳಿಯೋದನ್ನ ಸಾಮಿಗಳ ಪುಸ್ತಕದಾಗೇ ನೋಡ್ಬೇಕು."

ಅಂಗಡಿಯೆಲ್ಲ ನಕ್ಕಿತು. ಅವರು ನಗಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಗೋಡೆಯ ಮೇಲೆ ಕೈಯಿಟ್ಟು ತೋರಿಸಿದರು. "ಇದು ಕೋಡಿ ಅನ್ಕಳ್ಳಿ. ನಿನ್ನೆ ನೀರು ಇಲ್ಲಿತ್ತು, ಹನ್ನೆರಡು ಕೆಳಗೆ. ಇವತ್ತು ಇಲ್ಲೈತೆ, ಎಂಟು ಕೆಳಗೆ. ಕೈ ಮ್ಯಾಕೆ ಹೋಯ್ತಾ, ಕೆಳಕ್ ಬಂತಾ?"

ಮೇಲೆ ಹೋಗಿತ್ತು. ಅಂದರೆ ಮೈನಸ್ ಹನ್ನೆರಡಕ್ಕಿಂತ ಮೈನಸ್ ಎಂಟು ದೊಡ್ಡದು. ಪುಸ್ತಕದಲ್ಲಿ ತಿದ್ದಿ +4 ಮಾಡಿದೆ. ಕಲಿಸಿದವರಿಗೆ ಕೃತಜ್ಞನಾಗಿರಬೇಕಿತ್ತು. ಆದರೆ ನನ್ನೊಳಗೆ ಉಳಿದದ್ದು ಅಂಗಡಿಯವರ ನಗು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾರು ಏನು ಹೆಚ್ಚಾಯಿತು, ಏನು ಕಡಿಮೆಯಾಯಿತು ಎಂದರೂ "ಯಾವತ್ತಿಂದ ಯಾವತ್ತಿಗೆ?" ಎಂದು ಕೇಳುವರು. ಸೊಸೆ ಇಳಿದುಹೋಗಿದ್ದಾಳೆ ಎಂದು ಯಾರಾದರೂ ಹೇಳಿದರೆ, "ಯಾವತ್ತಿಂದ ಯಾವತ್ತಿಗೆ?" ಎಮ್ಮೆ ಹಾಲು ಕಡಿಮೆ ಮಾಡಿದೆ ಎಂದರೆ, "ಯಾವತ್ತಿಂದ ಯಾವತ್ತಿಗೆ?" ಒಂದು ಮದುವೆಯಲ್ಲಿ ಹುಡುಗಿಯ ತಂದೆ, "ನಮ್ ಹುಡುಗಿ ನೋಡ್ತಾ ನೋಡ್ತಾ ಎದೆಯೆತ್ತರ ಬೆಳೆದ್ಬಿಟ್ಲು ನೋಡು" ಎಂದಾಗಲೂ ಕೇಳಿಬಿಟ್ಟರು. ಊರಿನ ಪಡ್ಡೆಗಳು ಅವರನ್ನು ಕಂಡರೆ ದೂರದಿಂದಲೇ ಅದನ್ನು ಕೂಗುತ್ತಿದ್ದವು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. "ಎಷ್ಟು ಅನ್ನೋದು ಅರ್ಧ ಮಾತು ಕಣ್ರಪ್ಪ. ಎಷ್ಟು ದಿನಕ್ಕೆ ಅಂದ್ರೆ ಪೂರ್ತಿ" ಎನ್ನುವರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವಾಗಲೆಲ್ಲ ಒಂದು ಕಡೆ ಗೊಂದಲವಾಗುತ್ತದೆ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ಮೂರನೆಯ ವರ್ಷ ಕೆರೆ ಪೂರ್ತಿ ತುಂಬಿರಲಿಲ್ಲ. ಇರುವ ನೀರನ್ನು ಭತ್ತದ ಕೊಯ್ಲಿನವರೆಗೆ ಸಾಗಿಸಬೇಕಿತ್ತು. ನಾಟಿಯ ಸಮಯದಲ್ಲಿ ನೀರುಗಂಟಿ ದಿನವೂ ಬಿರಡೆ ಸರಿಮಾಡಲು ತೂಬಿಗೆ ಇಳಿಯುತ್ತಿದ್ದರು, ದಿನವೂ ನನಗೆ ಅಳತೆ ಹೇಳುತ್ತಿದ್ದರು. ಹನ್ನೆರಡು ದಿನಗಳಲ್ಲಿ ನೀರು −24ರಿಂದ −36ಕ್ಕೆ ಬಂತು. ದಿನಕ್ಕೆ ಒಂದು ಬೆರಳು.

ಪೈರು ನಿಂತ ಮೇಲೆ ದಿನವೂ ಬಿರಡೆ ಮುಟ್ಟುವ ಅಗತ್ಯವಿರಲಿಲ್ಲ. ಇಟ್ಟಷ್ಟೇ ಸಂದಿಯಲ್ಲಿ ನೀರು ಹಗಲೂ ರಾತ್ರಿ ಒಂದೇ ಸಮ ಹರಿಯುತ್ತಿತ್ತು. ಅವರು ದಿನ ಬಿಟ್ಟು ದಿನ ಇಳಿಯತೊಡಗಿದರು. ಬಿರಡೆ ಮುಟ್ಟದ ದಿನ ಅವರ ಮನೆತನದವರು ಮೆಟ್ಟಿಲು ಇಳಿಯುವುದಿಲ್ಲ. ಕೆಲಸವಿಲ್ಲದೆ ಗಂಗಮ್ಮನ ಮನೆಗೆ ಹೋಗಬಾರದೆಂಬುದು ಅವರ ತಂದೆ ಹಾಕಿಕೊಟ್ಟ ಕಟ್ಟು. ಇಳಿಯದ ದಿನ ಅಳತೆಯೂ ಇಲ್ಲ.

ಇದು ನನಗೆ ಗೊತ್ತಾಗಲಿಲ್ಲ. ಆಗ ನಮ್ಮ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗುವ ಹೊತ್ತು. ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರುವುದು ಎಂದು ನಾನು ಮನೆಯಲ್ಲಿ ನಿಂತದ್ದೇ ಕಡಿಮೆ. ನೀರುಗಂಟಿ ಬಂದು ನನ್ನ ಹೆಂಡತಿ ಸರೋಜಮ್ಮನಿಗೆ ಅಳತೆ ಹೇಳಿ ಹೋಗುತ್ತಿದ್ದರು. ಅವಳು ಕೋಣೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದಳು. ಕೆಲಸವೆಲ್ಲ ಮುಗಿದ ಮೇಲೆ ನಾನು ಅಲ್ಲಿದ್ದ ಎಂಟು ಅಂಕಿಗಳನ್ನು ಪುಸ್ತಕಕ್ಕೆ ಎತ್ತಿಕೊಂಡೆ. ಎಂಟು ಸಾಲು. ಕೊನೆಯದು −60.

ಮೂವತ್ತಾರರಿಂದ ಅರವತ್ತಕ್ಕೆ ಇಪ್ಪತ್ನಾಲ್ಕು ಬೆರಳು. ಎಂಟು ಸಾಲು, ಎಂಟು ದಿನ. ದಿನಕ್ಕೆ ಮೂರು ಬೆರಳು. ಮೊದಲು ದಿನಕ್ಕೆ ಮೈನಸ್ ಒಂದು, ಈಗ ದಿನಕ್ಕೆ ಮೈನಸ್ ಮೂರು. ತೂಬಿನ ಸಂದಿ ಅದೇ, ಗದ್ದೆ ಅದೇ. ದಿನಕ್ಕೆ ಎರಡು ಬೆರಳು ನೀರು ಎಲ್ಲಿಗೆ ಹೋಯಿತು?

ಕೆರೆಯ ಕೆಳಗೆ ನೀರುಗಂಟಿಯ ಭಾವಮೈದುನನ ಅರ್ಧ ಎಕರೆ ಹಿಪ್ಪುನೇರಳೆ ತೋಟವಿತ್ತು. ಆ ವರ್ಷ ಅದು ಹಸಿರಾಗಿತ್ತು. ಅಲ್ಲಿ ಒಂದು ಬಾವಿಯೂ ಇತ್ತು, ಆದರೆ ಬಾವಿಯ ನೆನಪು ನನಗೆ ಬರಲಿಲ್ಲ. ಬರದಿದ್ದದ್ದೋ, ನಾನೇ ಬರಗೊಡದಿದ್ದದ್ದೋ, ಇಷ್ಟು ವರ್ಷ ಯೋಚಿಸಿದರೂ ಬಗೆಹರಿದಿಲ್ಲ.

ಚಾವಡಿಯಲ್ಲಿ ಊರು ಸೇರಿತು. ಹಿರಿಯರಾದ ನಂಜಪ್ಪನವರು ನಡುವೆ ಕೂತಿದ್ದರು. ನೀರುಗಂಟಿ ಮೆಟ್ಟಿಲ ಕೆಳಗೆ ನಿಂತಿದ್ದರು. ನಾನು ಪುಸ್ತಕ ಬಿಡಿಸಿ ಓದಿದೆ. ನನ್ನ ದನಿ ಚೆನ್ನಾಗಿತ್ತು ಎಂಬುದು ನೆನಪಿದೆ.

"ದಿನಕ್ಕೆ ಮೂರಾ?" ಎಂದರು ನಂಜಪ್ಪನವರು. "ಏನೋ ಗಂಟಿ, ಇದೇನೋ ಇದು?"

"ಮೂರಿಲ್ಲ ಬುದ್ಧಿ. ಒಂದೂವರೆ."

"ಮೊದಲು ಒಂದಿತ್ತಲ್ಲೋ. ಒಂದೂವರೆ ಆದ್ರೂ ಯಾಕಾಯ್ತು?" ಎಂದು ನಾನು ಕೇಳಿದೆ.

"ಕೆರೆ ಅಂದ್ರೆ ಬಟ್ಟಲು ಇದ್ದಂಗೆ ಸಾಮಿ, ಡಬ್ಬ ಅಲ್ಲ. ಕೆಳಗೆ ಹೋಯ್ತಾ ಹೋಯ್ತಾ ಕಿರಿದಾಯ್ತದೆ. ಅಷ್ಟೇ ನೀರು ತಗುದ್ರೂ ಬಿರ್ನೆ ಇಳೀತದೆ."

"ಬಟ್ಟಲ ಕತೆ ಬಿಡು. ಪುಸ್ತಕದಲ್ಲಿ ಮೂರಿದೆ. ಪುಸ್ತಕ ಸುಳ್ಳು ಹೇಳುತ್ತಾ?"

"ಪುಸ್ತಕ ಸುಳ್ಳು ಹೇಳಲ್ಲ. ಪುಸ್ತಕ ಕೆರೆತಾವ ಬಂದಿಲ್ಲ ಅಷ್ಟೇ." ಸ್ವಲ್ಪ ಹೊತ್ತು ತಲೆ ತಗ್ಗಿಸಿ ಏನೋ ಎಣಿಸಿಕೊಂಡವರಂತೆ ನಿಂತರು. ಆಮೇಲೆ ನನ್ನನ್ನೇ ನೋಡಿ ಕೇಳಿದರು, "ಸಾಮಿ, ಈ ಇಪ್ಪತ್ನಾಕು ಯಾವತ್ತಿಂದ ಯಾವತ್ತಿಗೆ?"

ಚಾವಡಿ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಯಾರೋ, "ನಿಮ್ಮಜ್ಜಿ ಮದುವೆಯಿಂದ ತಿಥಿಗೆ" ಎಂದರು. ಇನ್ನಷ್ಟು ನಗು. ನಾನೂ ನಕ್ಕೆ. ಟೀ ಅಂಗಡಿಯ ನಗುವಿಗೆ ಇವತ್ತು ಸರಿಹೋಯಿತು ಎಂದು ನನಗೆ ಆಗ ಅನ್ನಿಸಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು. ಅವರು ಕೇಳಿದ್ದು ಅವರನ್ನು ಉಳಿಸಬಹುದಾಗಿದ್ದ ಒಂದೇ ಪ್ರಶ್ನೆ. ಪುಸ್ತಕದಲ್ಲಿ ನಾನು ಖಾಲಿ ಬಿಟ್ಟಿದ್ದ ಕಾಲಮ್ಮೇ ಅದು. ನಾನು ಪುಸ್ತಕ ಮುಚ್ಚಿದೆ.

ಭಾವಮೈದುನನ ತೋಟಕ್ಕೆ ಕದ್ದು ನೀರು ಬಿಟ್ಟವನು ಎಂದು ತೀರ್ಮಾನವಾಯಿತು. ಹಾರೆಯನ್ನು ಒಪ್ಪಿಸಿ ಹೋಗು ಎಂದರು. ಅವರು ಅದನ್ನು ಚಾವಡಿಯ ಕಲ್ಲಿನ ಮೇಲೆ ಸದ್ದಾಗದಂತೆ ಮಲಗಿಸಿದರು. ತಂದೆಯ ಕಾಲದಿಂದ ಹಿಡಿದಿದ್ದ ಹಾರೆ. ಹಿಡಿಯುವ ಜಾಗ ಸವೆದು ಹೊಳೆಯುತ್ತಿತ್ತು. ಏನಾದರೂ ಬೈಯಬಹುದು, ಅಳಬಹುದು ಎಂದು ಕಾದೆವು.

"ನಾಳೆ ಎಷ್ಟು ಅಂತ ಯಾರು ನೋಡ್ತೀರ?" ಎಂದು ಕೇಳಿದರು.

ಅವರು ಹೋದರು.

ಯುಗಾದಿಗೆ ಮನೆ ಸುಣ್ಣ ಹೊಡೆಯುವಾಗ ಸರೋಜಮ್ಮ ಬಾಗಿಲು ಒರೆಸಲು ಬಟ್ಟೆ ಹಿಡಿದು ನಿಂತು, "ಈ ನೀರಿನ ಲೆಕ್ಕ ಅಳಿಸ್ಲಾ? ಎತ್ಕೊಂಡಿದೀರಾ?" ಎಂದು ಕೇಳಿದಳು.

"ಅಳಿಸು. ಎಂಟು ದಿನದ್ದು ತಾನೆ, ಬರ್ಕೊಂಡಿದೀನಿ."

"ಎಂಟು ದಿನ ಎಲ್ಲಿ ಬಂತು? ದಿನ ಬಿಟ್ಟು ದಿನ ಅಲ್ವಾ ಗಂಟಪ್ಪ ಬರ್ತಿದ್ದದ್ದು? ಹತ್ರ ಹತ್ರ ಹದಿನಾರು ದಿನ ಆಗಿತ್ತು. ನೀವು ಗೂಡು ಹೊತ್ಕೊಂಡು ಎರಡು ಸಲ ಪ್ಯಾಟೆಗೆ ಹೋಗಿ ಬಂದ್ರಿ ಅಷ್ಟರಲ್ಲಿ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಇಪ್ಪತ್ನಾಲ್ಕು ಬೆರಳು, ಹದಿನಾರು ದಿನ. ದಿನಕ್ಕೆ ಒಂದೂವರೆ. ಅವರು ಹೇಳಿದ್ದು ಅಷ್ಟನ್ನೇ. ಓದುಬರಹ ಬಾರದ ಮನುಷ್ಯ ಚಾವಡಿಯ ಕೆಳಗೆ ನಿಂತು ತಲೆಯಲ್ಲೇ ಭಾಗಿಸಿ ಹೇಳಿದ್ದನ್ನು ನಾನು ಬಾಗಿಲ ಹಿಂದೆ ಎರಡು ಸಲ ಗುಣಿಸಿ ನೋಡಿದೆ.

ಆದರೂ ಒಂದಕ್ಕೂ ಒಂದೂವರೆಗೂ ನಡುವಿನ ಅರ್ಧ ಬೆರಳು ಉಳಿಯಿತು. ಆ ಅರ್ಧವನ್ನಾದರೂ ಅವರು ಕದ್ದಿರಲಿ ಎಂದು ನನ್ನ ಮನಸ್ಸು ಹಂಬಲಿಸಿತು. ಅಡಿಗೆಮನೆಯಿಂದ ಅಗಲ ಬಾಯಿಯ ಒಂದು ಬೋಗುಣಿ ತಂದು ನೀರು ತುಂಬಿದೆ. ಒಂದು ಸಣ್ಣ ಲೋಟದಿಂದ ಒಂದೊಂದೇ ಸಲ ನೀರು ತೆಗೆದು, ಪೊರಕೆಕಡ್ಡಿ ಇಟ್ಟು ಎಷ್ಟು ಇಳಿಯಿತೆಂದು ನೋಡಿದೆ. ಮೊದಮೊದಲು ಒಂದು ಲೋಟಕ್ಕೆ ಕಡ್ಡಿಯಲ್ಲಿ ಒಂದು ಅಕ್ಕಿಕಾಳಿನಷ್ಟು. ಕೆಳಗೆ ಬರುತ್ತಾ ಅದೇ ಲೋಟಕ್ಕೆ ಕಡಲೆಕಾಳಿನಷ್ಟು. ಲೋಟ ಬದಲಾಗಿರಲಿಲ್ಲ, ಬೋಗುಣಿ ಕಿರಿದಾಗಿತ್ತು.

ಸರೋಜಮ್ಮ ಸುಣ್ಣದ ಕೈಯಲ್ಲೇ ನಿಂತು ನೋಡುತ್ತಿದ್ದಳು. "ಏನ್ರೀ ಇದು, ಮಕ್ಕಳಾಟ?" ಎಂದಳು. ಹೇಳಿದೆ. ಪೂರ್ತಿ ಕೇಳಿ, "ಹಂಗಾದ್ರೆ ಹೋಗಿ ಹೇಳ್ಬಿಡಿ. ಈಗ್ಲೇ ಹೋಗಿ" ಎಂದಳು.

"ಹಬ್ಬ ಮುಗೀಲಿ" ಎಂದೆ.

ಹಬ್ಬ ಮುಗಿಯಿತು. ನಂಜಪ್ಪನವರ ಮುಂದೆ ನಿಂತು ನನ್ನ ಲೆಕ್ಕವೇ ತಪ್ಪು ಎನ್ನಲು ನಾಲಿಗೆ ಬರಲಿಲ್ಲ. ಕೊಯ್ಲು ಮುಗಿಯಲಿ ಎಂದುಕೊಂಡೆ. ಕೊಯ್ಲೂ ಆಯಿತು. ಹೊಸಬನು ತೂಬು ನೋಡಿಕೊಂಡರೂ ಕೆರೆ ಕೆಳಗೆ ಬಂದಷ್ಟೂ ಬೇಗ, ದಿನಕ್ಕೆ ಸುಮಾರು ಎರಡು ಬೆರಳಿನಂತೆ ಇಳಿದಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನು ಬರೆಯಲಿಲ್ಲ. ಅಷ್ಟರಲ್ಲಿ ನೀರುಗಂಟಿ ಊರು ಬಿಟ್ಟು ವಿದುರಾಶ್ವತ್ಥದ ಕಡೆ ಇದ್ದ ಮಗಳ ಮನೆಗೆ ಹೋಗಿದ್ದರು.

ಲೆಕ್ಕ ತಪ್ಪಿದ್ದು ಒಂದು ದಿನ, ಬಾಯಿ ಮುಚ್ಚಿಕೊಂಡದ್ದು ಅಂದಿನಿಂದ ಇಂದಿನವರೆಗೆ. ಇದರಲ್ಲಿ ಯಾವುದು ದೊಡ್ಡ ತಪ್ಪು? ಮೈನಸ್ ಎಂಟು, ಮೈನಸ್ ಹನ್ನೆರಡರ ಹಾಗೆ ಇಲ್ಲಿಯೂ ದೊಡ್ಡದು ಸಣ್ಣದು ನನಗೆ ತಿರುವುಮುರುವಾಗುತ್ತದೆ.

ಐದಾರು ವರ್ಷಗಳ ಮೇಲೆ, ತೊಂಬತ್ತರ ದಶಕದ ನಡುವೆ, ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಒಂದು ಮಧ್ಯಾಹ್ನ ಅವರನ್ನು ಕಂಡೆ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದರು. ಒಂದು ಕಣ್ಣಿನ ಮೇಲೆ ಹಸಿರು ಬಟ್ಟೆ ಇಳಿಬಿದ್ದಿತ್ತು. ನಾನು ಎದುರು ಹೋಗಿ ನಿಂತೆ.

"ಯಾರು?"

"ನಾನು... ಪುಸ್ತಕದವನು."

"ಓ, ಸಾಮಿ. ಅಮ್ಮಾವ್ರು ಚೆನ್ನಾಗವ್ರಾ? ಹುಳು ಹೆಂಗೆ ಬತ್ತವೆ?"

ಚೆನ್ನಾಗಿದ್ದಾಳೆ, ಬೆಳೆ ಪರವಾಗಿಲ್ಲ ಎಂದೆ. ಆಮೇಲೆ ಅವರು ಕೇಳಿದರು, "ಕೆರೆ?"

"ಕೋಡಿಗೆ ಎಂಬತ್ತು ಕಮ್ಮಿ."

ಹೇಳಿ ಕಾದೆ. ಅವರ ಪ್ರಶ್ನೆ ಬರುತ್ತದೆ, ಬಂದ ಕೂಡಲೇ ಅದನ್ನೇ ಹಿಡಿದು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಅವರು "ಹೂಂ" ಎಂದು ಸುಮ್ಮನಾದರು.

"ಯಾವತ್ತಿಂದ ಯಾವತ್ತಿಗೆ ಅಂತ ಕೇಳಲ್ವಾ?" ಎಂದು ನಾನೇ ಕೇಳಿದೆ.

"ಅದು ಬಿಟ್ಬಿಟ್ಟೆ ಸಾಮಿ. ಜನ ನಗ್ತಾರೆ."

ಗೌರಿಬಿದನೂರಿನ ಬಸ್ಸು ಬಂತು. ನುಗ್ಗುವವರ ನಡುವೆ ಅವರ ಚೀಲ ಹಿಡಿದುಕೊಂಡೆ, ಅಷ್ಟನ್ನು ಮಾಡಿದೆ. ಅವರು ಮೆಟ್ಟಿಲುಗಳನ್ನು ಎಲ್ಲರಂತೆ ಮುಖ ಮುಂದೆ ಮಾಡಿ, ಎಣಿಸದೆ ಹತ್ತಿದರು. ಚೀಲ ಕಿಟಕಿಯಿಂದ ಕೊಟ್ಟೆ. ಬಸ್ಸು ಹೊರಟಿತು.

ಇನ್ನೂ ಎರಡು ಮೂರು ವರ್ಷ ಕಳೆದ ಮೇಲೆ, ಸರೋಜಮ್ಮನ ಒತ್ತಾಯಕ್ಕೆ ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ವಿದುರಾಶ್ವತ್ಥದ ಕಡೆ ಹೋದೆ. ಕೇರಿಯಲ್ಲಿ ನಾಲ್ಕಾರು ಜನರನ್ನು ಕೇಳಿದೆ. ಸಾದಲಿ ಕಡೆಯ ನೀರುಗಂಟಿ ಎಂದರೆ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಯಾರೋ ಅಂದಾಜಿನ ಮೇಲೆ ತೋರಿಸಿದ ಒಂದು ಮನೆಯ ಬಾಗಿಲಲ್ಲಿ ನಿಂತೆ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ. ಅಂಗನವಾಡಿಯ ಕೆಲಸ ಮುಗಿಸಿ ಆಗತಾನೇ ಬಂದಿದ್ದ ಹೆಂಗಸು ಹೊರಗೆ ಬಂದಳು.

"ಯಾರು ಬೇಕಿತ್ತಣ್ಣ?"

"ಸಾದಲಿ ಕಡೆಯವರು, ಮುಂಚೆ ನೀರುಗಂಟಿ..."

ಅವಳು ನನ್ನನ್ನು ನೋಡಿದಳು. "ನಮ್ಮಪ್ಪನಿಗೆ ಹೆಸರಿಲ್ವಾ ಅಣ್ಣ? ಹೆಸರು ಹೇಳಿ."

ನನಗೆ ಹೆಸರು ಗೊತ್ತಿತ್ತು. ಮತದಾರರ ಪಟ್ಟಿಯಲ್ಲಿ ಎಷ್ಟೋ ಸಲ ಓದಿದ್ದೆ. ಆದರೆ ಹುಟ್ಟಿದಾಗಿನಿಂದ ಒಮ್ಮೆಯೂ ಬಾಯಿಂದ ಆಡಿರಲಿಲ್ಲ, ಆಗಲೂ ಬರಲಿಲ್ಲ. ಅವಳು, "ಅಪ್ಪ ಹೋಗಿ ಎರಡು ತಿಂಗಳಾಯ್ತು. ಒಳಗೆ ಬನ್ನಿ" ಎಂದಳು. ಒಂದು ಲೋಟ ನೀರು ತಂದುಕೊಟ್ಟಳು. ಕುಡಿದೆ.

"ಏನಾದ್ರೂ ಹೇಳೋದಿತ್ತಾ?"

"ಏನಿಲ್ಲಮ್ಮ. ಸುಮ್ನೆ, ನೋಡ್ಕೊಂಡು ಹೋಗೋಣ ಅಂತ."

ಅಂದೂ ಹೇಳಲಿಲ್ಲ. ಪುಸ್ತಕ ಚೀಲದಿಂದ ಹೊರಗೆ ಬರಲೇ ಇಲ್ಲ.

ನಂಜಪ್ಪನವರಿಲ್ಲ, ಸರೋಜಮ್ಮನೂ ಇಲ್ಲ. ನಕ್ಕವರಲ್ಲಿ ಉಳಿದವನು ಬಹುಶಃ ನಾನೊಬ್ಬನೇ. ಆ ಪುಸ್ತಕ ಈಗ ನನ್ನ ಮುಂದಿದೆ. ಇವತ್ತು ಬೆಳಿಗ್ಗೆ ಕೂತು ಆ ಎಂಟರಲ್ಲಿ ಪ್ರತಿ ಸಾಲಿಗೂ ಮುಂಚೆ ಒಂದೊಂದು ಖಾಲಿ ಗೆರೆ ಎಳೆದೆ, ಅವರು ಇಳಿಯದ ದಿನಗಳಿಗೆ. ದಿನಕ್ಕೆ ಮೂರು ಎಂದಿದ್ದದ್ದನ್ನು ಹೊಡೆದುಹಾಕಿ ಒಂದೂವರೆ ಎಂದು ಬರೆದೆ. ಅಕ್ಷರ ಚೆನ್ನಾಗಿ ಬಂದಿಲ್ಲ. ಕೊನೆಯ ಕಾಲಮ್ಮಿನಲ್ಲಿ ಗಂಟಿ ಎಂದಿದ್ದದ್ದನ್ನೂ ಹೊಡೆದೆ. ಚುಕ್ಕಿಗಳ ಮೇಲೆಲ್ಲ, ಒಂದು ಸಾಲೂ ಬಿಡದೆ, ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದೆ.

ಅಳತೆ ನೋಡಿದವರು: ಗಂಗುಲಪ್ಪನವರು.